ಮುಖ ಹರಿಯದೆ ಗೋಡೆ ತೊಳೆಯುವ ಗಿಡ್ಡಮ್ಮ

ಬೆಳಗಿನ ಐದೂವರೆ. ಸಿರಿಗೊಂಡನಕಟ್ಟೆಯ ಬಸ್ ನಿಲ್ದಾಣದಲ್ಲಿ ಕೂಡ್ಲಿಗಿಗೆ ಹೋಗುವ ಮೊದಲ ಬಸ್ಸು ಇನ್ನೂ ಎಂಜಿನ್ ಶುರುಮಾಡಿಲ್ಲ. ನಿಲ್ದಾಣದ ಕಾಂಪೌಂಡ್ ಗೋಡೆಗೆ ಗಿಡ್ಡಮ್ಮ ನೆನೆಸಿದ ಗೋಣಿಚೀಲವೊಂದನ್ನು ಹೊದಿಸಿ, ಅಂಗೈಯಿಂದ ಒತ್ತಿ, ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಚೀಲದಡಿ ಯಾರದೋ ಮದುವೆಯ ಇಪ್ಪತ್ತೈದನೇ ವರ್ಷದ ಪೋಸ್ಟರ್ ಇದೆ. ಮೈದಾಹಿಟ್ಟಿನ ಅಂಟು ನೀರು ಕುಡಿದು ಮೆತ್ತಗಾಗುವವರೆಗೆ ಕಾಯಬೇಕು. ಅವಸರ ಮಾಡಿದರೆ ಕಾಗದ ಹರಿಯುತ್ತದೆ.

ಸ್ವಲ್ಪ ಹೊತ್ತಿನ ಬಳಿಕ ಚೀಲ ತೆಗೆದು, ಕಳೆ ಕೀಳುವ ಮೊಂಡು ಕುರ್ಚಿಗಿಯ ತುದಿಯನ್ನು ಪೋಸ್ಟರಿನ ಕೆಳಮೂಲೆಗೆ ತೂರಿಸುತ್ತಾರೆ. ಮೊದಲು ದಂಪತಿಯ ಪಾದ ಗೋಡೆ ಬಿಡುತ್ತದೆ, ಆಮೇಲೆ ಸೀರೆಯ ಅಂಚು, ಆಮೇಲೆ ಹೂವಿನ ಹಾರ. ಮುಖದ ಹತ್ತಿರ ಬಂದಾಗ ಕುರ್ಚಿಗಿ ಕೆಳಗಿಟ್ಟು, ಬೆರಳನ್ನು ನೀರಿಗೆ ಅದ್ದಿಕೊಂಡು ಬಿಡಿಸುತ್ತಾರೆ. ಇಡೀ ಪೋಸ್ಟರ್ ಒಂದೇ ಹಾಳೆಯಾಗಿ ಕೈಗೆ ಬರುತ್ತದೆ. ಮುಖಗಳು ಒಳಗೆ ಬರುವಂತೆ ಅದನ್ನು ಮಡಚಿ ಬುಟ್ಟಿಯಲ್ಲಿಡುತ್ತಾರೆ. ಪಕ್ಕದಲ್ಲೇ ನಿಂತಿರುವ ಕಸದ ಟಿಪ್ಪರ್‌ಗೆ ಅದು ಹೋಗುವುದಿಲ್ಲ.

"ಪಾದದಿಂದ ಬಿಡಿಸ್ಕೊಂತ ಹೋಗ್ಬೇಕ್ರಿ, ಮಾರಿ ಕಡೀಕ" ಎನ್ನುತ್ತಾರೆ ಗಿಡ್ಡಮ್ಮ. ಈ ಕಡೆ ಮುಖಕ್ಕೆ ಮಾರಿ ಎನ್ನುತ್ತಾರೆ. "ಮಾರಿ ಹರದ್ರ ಜಗಳ. ಸಾವ್ಕಾರಂದೂ ಮಾರೀನ, ಸತ್ತಾವಂದೂ ಮಾರೀನ."

ಟಿಪ್ಪರ್ ಚಾಲಕ ಬೀರಲಿಂಗೇಶ್ ಕಿಟಕಿಯಿಂದ ತಲೆ ಹೊರಗೆ ಹಾಕುತ್ತಾರೆ. "ಯಕ್ಕಾ, ಹುಷಾರ! ಇಪ್ಪತ್ತೈದು ವರ್ಷ ಕೂಡಿ ಬಾಳ್ಯಾರ ಅವರು. ನೀ ನಡುವ ಹರದು ಬ್ಯಾರಿ ಮಾಡಿಬಿಟ್ಟೀಯ."

"ಲೇ, ನಿನಗ ಇನ್ನೂ ಒಂದೂ ಕೂಡಿ ಬಂದಿಲ್ಲಂತ ಹೊಟ್ಟಿಕಿಚ್ಚು. ಸುಮ್ನ ಗಾಡಿ ನೋಡ್ಕ" ಎಂದು ಗಿಡ್ಡಮ್ಮ ಮುಂದಿನ ಪೋಸ್ಟರಿಗೆ ಚೀಲ ಹೊದಿಸುತ್ತಾರೆ.

ಕೂಡ್ಲಿಗಿಗೂ ಕೊಟ್ಟೂರಿಗೂ ನಡುವಿನ ಈ ಊರು ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಯಾಗಿ ಬಹಳ ವರ್ಷವೇನೂ ಆಗಿಲ್ಲ. ಈರುಳ್ಳಿ, ಮೆಕ್ಕೆಜೋಳದ ವ್ಯಾಪಾರ ಬೆಳೆದ ಹಾಗೆ ಗೋಡೆಗಳೂ ಬೆಳೆದವು, ಗೋಡೆಯ ಮೇಲಿನ ಬರಹಗಳೂ ಬೆಳೆದವು. ಹುಟ್ಟುಹಬ್ಬದ ಶುಭಾಶಯ, ಪುಣ್ಯಸ್ಮರಣೆ, ಮೂಲವ್ಯಾಧಿಗೆ ಶಸ್ತ್ರಚಿಕಿತ್ಸೆ ಇಲ್ಲದ ಪರಿಹಾರ, ಬೋರ್‌ವೆಲ್ ಲಾರಿಯ ಫೋನ್ ನಂಬರ್, ಸ್ಪ್ರೇ ಬಣ್ಣದಲ್ಲಿ ಬರೆದ ಜೋಡಿ ಹೆಸರುಗಳು. ಇವುಗಳಡಿ ಊರಿನ ಸೂಚನಾ ಫಲಕಗಳು ಒಂದೊಂದಾಗಿ ಕಾಣೆಯಾಗಿವೆ. ಆಸ್ಪತ್ರೆಯ ಕಡೆಗಿರುವ ಬಾಣದ ಗುರುತಿನ ಮೇಲೆ ಈಗ ಕಂಪ್ಯೂಟರ್ ತರಗತಿಯ ಜಾಹೀರಾತಿದೆ.

ಗಿಡ್ಡಮ್ಮ ಪೌರಕಾರ್ಮಿಕರು. ವಯಸ್ಸು ಐವತ್ತೊಂದು ಎಂದು ಕಚೇರಿಯ ದಾಖಲೆ ಹೇಳುತ್ತದೆ. "ಎರಡು ಕಮ್ಮಿ ಬರ್ದಾರ" ಎಂದು ಅವರು ಹೇಳುತ್ತಾರೆ. ಹುಟ್ಟಿದ್ದು ಹರಪನಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ. ಮದುವೆಯಾಗಿ ಇಲ್ಲಿಗೆ ಬಂದು, ದಿನಗೂಲಿಯ ಮೇಲೆ ಬೀದಿ ಗುಡಿಸಿ, ನಾಲ್ಕು ವರ್ಷದ ಹಿಂದೆ ಕಾಯಂ ಆದರು. ಗಂಡ ಮಾರುಕಟ್ಟೆಯಲ್ಲಿ ಹಮಾಲಿ. ಮಗ ಕ್ರಾಂತಿಕುಮಾರ್ ಬಸ್ ಕಂಡಕ್ಟರ್. ಮಗ ಬೌದ್ಧ ದೀಕ್ಷೆ ಪಡೆದ ಮೇಲೆ ಮನೆಯ ಪಡಸಾಲೆಯಲ್ಲಿ ಬುದ್ಧನ ಪಟವಿದೆ, ಒಳಗೋಣೆಯಲ್ಲಿ ಗಿಡ್ಡಮ್ಮನವರ ಎಲ್ಲಮ್ಮನೂ ಇದ್ದಾಳೆ. ಇಬ್ಬರ ನಡುವೆ ಇದುವರೆಗೆ ತಕರಾರು ಬಂದಿಲ್ಲ ಎನ್ನುತ್ತಾರೆ ಮನೆಯವರು.

ಬಸ್ ನಿಲ್ದಾಣದಿಂದ ಸಂತೆ ಮೈದಾನದವರೆಗಿನ ರಸ್ತೆ ಮತ್ತು ಚರಂಡಿ ಅವರ ಪಾಲಿಗೆ ಬಂದ ಕೆಲಸ. ಗೋಡೆ ಅದರಲ್ಲಿ ಸೇರಿರಲಿಲ್ಲ. ಮಳೆ ಬಂದಾಗ ಗೋಡೆಯ ಪೋಸ್ಟರುಗಳು ಕಳಚಿ ಚರಂಡಿಗೆ ಬಿದ್ದು ನೀರು ಕಟ್ಟಿಕೊಳ್ಳುತ್ತಿತ್ತು. "ಗೋಡಿ ನನ್ನದಲ್ಲ ಅಂದ್ರು. ಆದ್ರ ಗೋಡಿ ಮ್ಯಾಲಿಂದು ಬೀಳೋದು ಚರಂಡಿಗೆ. ಚರಂಡಿ ನನ್ನದಲ್ಲೇನ್ರಿ? ಅದಕ್ಕ ಮ್ಯಾಲಿದ್ದಾಗ್ಲೇ ಕೀಳಾಕ ಹತ್ತಿದೆ" ಎಂದು ಅವರು ಈ ಕೆಲಸ ಶುರುವಾದ ಬಗೆಯನ್ನು ವಿವರಿಸುತ್ತಾರೆ.

ಆಗ ಅವರು ಎಲ್ಲರಂತೆ ಪರಪರನೆ ಕೀಳುತ್ತಿದ್ದರು. ಮುಖ ಹರಿಯದಂತೆ ಬಿಡಿಸುವ ಪದ್ಧತಿ ಆಮೇಲಿನದು. ಅದಕ್ಕೊಂದು ಕಾರಣವಿದೆ.

ಸಂತೆ ಮೈದಾನದ ಅಂಚಿನಲ್ಲಿ ಸಿಮೆಂಟಿನ ದುಂಡನೆಯ ನೀರಿನ ತೊಟ್ಟಿಯೊಂದಿದೆ. ಸುತ್ತ ನಲ್ಲಿಗಳಿವೆ. ಅದರ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಒಂದು ಲೀಟರಿಗೆ ಹೆಚ್ಚೆಂದರೆ ಒಂದೂವರೆ ಮಿಲಿಗ್ರಾಂ ಇರಬಹುದು ಎನ್ನುವುದು ಕುಡಿಯುವ ನೀರಿನ ಮಿತಿ. ಇಲ್ಲಿಯದು ಪರೀಕ್ಷೆಯಲ್ಲಿ ಅದರ ಎರಡರಷ್ಟು ಬಂತು. ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ. ಪಾತ್ರೆ ತೊಳೆಯಲು, ಎತ್ತಿನ ಮೈತೊಳೆಯಲು ತೊಂದರೆಯಿಲ್ಲವೆಂದು ನಲ್ಲಿಗಳನ್ನು ಉಳಿಸಿಕೊಂಡು, ತೊಟ್ಟಿಯ ಮೇಲೆ ಕೆಂಪು ಬಣ್ಣದಲ್ಲಿ 'ಬಳಕೆಗೆ ಮಾತ್ರ, ಕುಡಿಯಬೇಡಿ' ಎಂದು ಬರೆಸಿದ್ದರು.

ಇಂಥ ನೀರು ಏನು ಮಾಡುತ್ತದೆ ಎನ್ನುವುದನ್ನು ಗಿಡ್ಡಮ್ಮ ಯಾರಿಂದಲೂ ಕೇಳಿ ತಿಳಿಯಬೇಕಿರಲಿಲ್ಲ. ಅವರ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆಗಳಿವೆ. ತವರಿನಲ್ಲಿ ಚಿಕ್ಕಂದಿನಲ್ಲಿ ಕುಡಿದ ನೀರಿನ ಗುರುತು ಅದು. ಅಕ್ಕ ಅಂಜಿನಕ್ಕನ ಮೊಣಕಾಲು ಈಗ ಮಡಚುವುದಿಲ್ಲ. "ನನ್ನ ಹಲ್ಲು ನೋಡಿ ಮಂದಿ ಕಡ್ಡಿಪುಡಿ ಹಾಕ್ತಾಳ ಅಂತಾರ. ಹುಟ್ಟಿದಾಗಿಂದ ಒಂದು ಎಲಿ ಅಡಕಿ ಸೈತ ತಿಂದಾಕಿ ಅಲ್ಲ ನಾನು" ಎಂದು ನಗುತ್ತಾರೆ. ನಗುವಾಗ ಸೆರಗು ಬಾಯಿಗೆ ಹೋಗುತ್ತದೆ.

ಎರಡು ವರ್ಷದ ಹಿಂದೆ, ಮಳೆಗಾಲದ ಮೊದಲ ವಾರದಲ್ಲಿ, ತೊಟ್ಟಿಯ ಬರಹದ ಮೇಲೆ ಅಂಟಿಸಿದ್ದ ಪೋಸ್ಟರೊಂದನ್ನು ಗಿಡ್ಡಮ್ಮ ಕಿತ್ತರು. ಅದು ಸಿಮೆಂಟ್ ಅಂಗಡಿಯ ಭೀಮರಾಜ ತನ್ನ ತಮ್ಮನಿಗಾಗಿ ಮಾಡಿಸಿದ್ದು; ಬೈಕ್ ಅಪಘಾತದಲ್ಲಿ ತೀರಿಕೊಂಡ ಹುಡುಗನ ಪುಣ್ಯಸ್ಮರಣೆಯ ಪೋಸ್ಟರ್. ಅರ್ಧ ಕೈಗೆ ಬಂತು, ಅರ್ಧ ಗೋಡೆಯಲ್ಲಿ ಉಳಿಯಿತು. ಹರಿದದ್ದು ಸರಿಯಾಗಿ ಮುಖದ ನಡುವೆ. ಅಲ್ಲಿದ್ದವರೊಬ್ಬರು ಅದನ್ನು ಮೊಬೈಲಿನಲ್ಲಿ ಹಿಡಿದರು. ಮಧ್ಯಾಹ್ನದ ಹೊತ್ತಿಗೆ ಆ ವಿಡಿಯೊ ಊರೆಲ್ಲ ಸುತ್ತಿ ಬಂದಿತ್ತು.

ಭೀಮರಾಜ ಮನೆಯವರೊಂದಿಗೆ ಕಚೇರಿಗೆ ಬಂದರು. "ಸತ್ತಾವನ್ನ ಇನ್ನೊಮ್ಮೆ ಸಾಯಿಸಿದಿ" ಎಂದು ಕೂಗಿದ್ದು ನೆನಪಿದೆ ಎಂದು ಈಗ ಅವರೇ ಹೇಳುತ್ತಾರೆ. ಗಿಡ್ಡಮ್ಮ ಕ್ಷಮೆ ಕೇಳಿದರು. ಅಂದಿನ ಅಧಿಕಾರಿ ಜಗಳ ಅಲ್ಲಿಗೆ ಮುಗಿಯಲೆಂದು ಬಾಯಿಮಾತಿನ ಆದೇಶ ಕೊಟ್ಟರು: ಮುಖ ಇಲ್ಲದ ಪೋಸ್ಟರ್ ಕೀಳಬಹುದು, ಮುಖ ಇರುವುದನ್ನು ಯಾರೂ ಮುಟ್ಟಕೂಡದು.

ಈ ಆದೇಶ ಊರಿನ ಜಾಹೀರಾತುದಾರರಿಗೆ ಗೊತ್ತಾಗಲು ತಿಂಗಳೂ ಬೇಕಾಗಲಿಲ್ಲ. ಬೋರ್‌ವೆಲ್ ಲಾರಿಯವರು ಪೋಸ್ಟರಿನಲ್ಲಿ ಮಾಲೀಕರ ಫೋಟೊ ಹಾಕಿದರು. ಕಂಪ್ಯೂಟರ್ ತರಗತಿಯವರು ಪ್ರಾಂಶುಪಾಲರ ಫೋಟೊ ಹಾಕಿದರು. ಮೂಲವ್ಯಾಧಿಯ ವೈದ್ಯರು ತಮ್ಮ ಫೋಟೊದ ಜೊತೆಗೆ ಮೇಲಿನ ಎರಡು ಮೂಲೆಗಳಲ್ಲಿ ಇಬ್ಬರು ದೇವರನ್ನೂ ಕೂರಿಸಿದರು. "ಮಾರಿ ಇಲ್ಲದ ಪೋಸ್ಟರು ಅಂದ್ರ ಆಗ ಊರಾಗ ಒಂದ ಉಳಿದಿತ್ತು. ಎಮ್ಮಿ ಕಳದೈತಿ ಅನ್ನೋದು. ಅದರಾಗೂ ಎಮ್ಮಿ ಮಾರಿ ಇತ್ತು ಬಿಡ್ರಿ" ಎಂದು ಬೀರಲಿಂಗೇಶ್ ನಗುತ್ತಾರೆ.

ಭೀಮರಾಜ ತಮ್ಮನ ಹೊಸ ಪೋಸ್ಟರನ್ನು ಅದೇ ಜಾಗದಲ್ಲಿ ಅಂಟಿಸಿದರು. ಅದರ ಮೇಲೆ, ಪಕ್ಕದಲ್ಲಿ ಇನ್ನಷ್ಟು ಮುಖಗಳು ಬಂದವು. ಮುಂದಿನ ಬೇಸಿಗೆಯ ಹೊತ್ತಿಗೆ ತೊಟ್ಟಿಯ ಕೆಂಪು ಅಕ್ಷರಗಳಲ್ಲಿ ಒಂದೂ ಹೊರಗೆ ಕಾಣುತ್ತಿರಲಿಲ್ಲ.

ಊರಿನವರಿಗೆ ಇದರಿಂದ ತೊಂದರೆಯಾಗಲಿಲ್ಲ. ಅದು ಬಳಸುವ ನೀರು ಎನ್ನುವುದು ಅವರಿಗೆ ಗೊತ್ತೇ ಇತ್ತು. ಆದರೆ ಮಂಗಳವಾರದ ಸಂತೆಗೆ ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯಿಂದ ವ್ಯಾಪಾರಿಗಳು ಬರುತ್ತಾರೆ. ಈರುಳ್ಳಿ ಕೊಯ್ಲಿನ ದಿನಗಳಲ್ಲಿ ಕೂಲಿ ಕುಟುಂಬಗಳು ಮೈದಾನದಲ್ಲೇ ತಾಡಪಾಲು ಕಟ್ಟಿಕೊಂಡು ವಾರಗಟ್ಟಲೆ ಇರುತ್ತವೆ. ಕೈಗೆ ಹತ್ತಿರದ ನಲ್ಲಿ ಅವರಿಗೆ ಇದೇ. ಶುದ್ಧ ನೀರಿನ ಘಟಕ ಇರುವುದು ಮೈದಾನದ ಆಚೆ, ಗೋದಾಮಿನ ಹಿಂದೆ. ಹೊಸಬರ ಕಣ್ಣಿಗೆ ಬೀಳುವುದಿಲ್ಲ.

ಕಳೆದ ವರ್ಷದ ಈರುಳ್ಳಿ ಕೊಯ್ಲಿನಲ್ಲಿ ನಡೆದ ಒಂದು ಸಂಗತಿಯನ್ನು ಗಿಡ್ಡಮ್ಮ ಎರಡು ಸಲ ಹೇಳಲು ಹೊರಟು ನಿಲ್ಲಿಸುತ್ತಾರೆ. ಮೂರನೆಯ ಸಲ ಪೂರ್ತಿ ಹೇಳುತ್ತಾರೆ.

ಆಂಧ್ರದ ಗಡಿ ಕಡೆಯಿಂದ ಬಂದಿದ್ದ ಹೆಂಗಸೊಬ್ಬಳು ಬೆಳಿಗ್ಗೆ ತೊಟ್ಟಿಯ ನಲ್ಲಿಗೆ ಕೊಡ ಹಿಡಿದಿದ್ದಳು. ಮೂರು ವರ್ಷದ ಮಗು ಪಕ್ಕದ ನಲ್ಲಿಗೆ ಬಾಯಿ ಇಟ್ಟಿತ್ತು. ಗುಡಿಸುತ್ತಿದ್ದ ಗಿಡ್ಡಮ್ಮ ದೂರದಿಂದಲೇ ಕೂಗಿದರು: "ಯವ್ವಾ, ಇಲ್ಲಿ ಕುಡೀಬ್ಯಾಡ್ರಿ! ಮಗೂನ ಸರಸ್ರಿ!"

ಹೆಂಗಸು ಜಗಳಕ್ಕೆ ಬರಲಿಲ್ಲ. ಮಗುವನ್ನು ರಟ್ಟೆ ಹಿಡಿದು ಎಳೆದುಕೊಂಡಳು. ತುಂಬಿದ ಕೊಡದ ನೀರನ್ನು ನೆಲಕ್ಕೆ ಸುರಿದಳು. ಸೆರಗಿನ ತುದಿಯಿಂದ ನಲ್ಲಿಯನ್ನು ಒರೆಸಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ, ಬೊಗಸೆಯೊಡ್ಡಿ ಕುಳಿತಳು. "ಗೊತ್ತಾಗಲಿಲ್ಲ ತಾಯಿ, ಹೊಸಬರು ನಾವು. ಹಂಗಾರ ನೀವ ಎತ್ತಿ ಹಾಕ್ರಿ" ಎಂದಳು.

ಗಿಡ್ಡಮ್ಮ ಇದನ್ನು ಹೇಳಿ ತಾವೂ ಬೊಗಸೆ ಒಡ್ಡಿ ತೋರಿಸುತ್ತಾರೆ. "ನಮ್ಮವ್ವ ಹಂಗ ಮುಟ್ಟಬಾರದ ಬಾವಿ ಮುಂದ ಬೊಗಸಿ ಒಡ್ಡಿ ಕುಂತಿದ್ದು ನಾ ನೋಡೀನ್ರಿ. ಯಾರರ ಬಂದು ಎತ್ತಿ ಹಾಕೋ ತನಕ. ಆ ಮಾತು ನಮಗ ಅಂದಿದ್ದ ಮಾತು. ಅದು ನನ್ನ ಬಾಯಾಗ ಬಂತು ಅಂತ ಆಕಿಗೆ ಕೇಳಿಸ್ತಲ್ಲ."

ನೀರು ಕೆಟ್ಟದ್ದೆಂದು ಅವರು ವಿವರಿಸಿದರು. ಅವಳು ತಲೆಯಾಡಿಸಿದಳು, ನಂಬಿದಂತೆ ಕಾಣಲಿಲ್ಲ. ಕೊನೆಗೆ ಗಿಡ್ಡಮ್ಮ ಪೊರಕೆ ಅಲ್ಲೇ ಬಿಟ್ಟು, ಅವಳ ಕೊಡವನ್ನು ತಾವೇ ಕಂಕುಳಲ್ಲಿಟ್ಟುಕೊಂಡು ಶುದ್ಧ ನೀರಿನ ಘಟಕದವರೆಗೆ ನಡೆದರು. ಆ ಹೆಂಗಸು ಅಷ್ಟು ದೂರವೂ ಅಂತರ ಬಿಟ್ಟೇ ಹಿಂದೆ ಬಂದಳು.

ಅಂದಿನಿಂದ ಗಿಡ್ಡಮ್ಮನವರಿಗೆ ಒಂದೇ ಹಟ: ತೊಟ್ಟಿಯ ಬರಹ ಮತ್ತೆ ಕಾಣಬೇಕು. "ದಿನಾ ಅಲ್ಲೇ ನಿಂತು ಹೇಳಬಹುದಿತ್ತು ನೀವು" ಎಂದರೆ ಅವರು ತಲೆ ಅಲ್ಲಾಡಿಸುತ್ತಾರೆ. "ನಾ ಬಾಯಿಲೆ ಬ್ಯಾಡ ಅಂದ್ರ ಅದು ಮಂದಿಗೆ ಅಂದ ಮಾತು ಆಗತೈತಿ. ಗೋಡಿ ಬ್ಯಾಡ ಅಂದ್ರ ಅದು ನೀರಿಗೆ ಅಂದ ಮಾತು."

ಅವರು ಪಟ್ಟಣ ಪಂಚಾಯಿತಿ ಕಚೇರಿಗೆ ಹೋದರು. ಅಷ್ಟರಲ್ಲಿ ಹೊಸ ಮುಖ್ಯಾಧಿಕಾರಿಯಾಗಿ ರೇಖಾ ಬಂದಿದ್ದರು. ಆ ಭಾಗದ ಸದಸ್ಯ ದೊಡ್ಡಬೀರಪ್ಪ ಅಲ್ಲೇ ಕುಳಿತಿದ್ದರು. ತೊಟ್ಟಿಯ ಮೇಲಿನ ಪೋಸ್ಟರುಗಳಲ್ಲಿ ಅತಿ ದೊಡ್ಡದು ಅವರ ಹುಟ್ಟುಹಬ್ಬದ್ದು. "ಅದು ಬಳಸೋ ನೀರು ಅಂತ ಊರಿಗೆಲ್ಲ ಗೊತ್ತೈತಿ. ಗೊತ್ತಿರೋದನ್ನ ಬರಸಾಕ ಬಣ್ಣ ಯಾಕ ಹಾಳು ಮಾಡ್ತೀರಿ?" ಎಂದರು ಅವರು.

ಇದಕ್ಕೆ ಗಿಡ್ಡಮ್ಮ ಕೊಟ್ಟ ಉತ್ತರದ ಬಗ್ಗೆ ಎರಡು ಹೇಳಿಕೆಗಳಿವೆ. ಬಾಗಿಲಲ್ಲಿ ನಿಂತಿದ್ದ ಬೀರಲಿಂಗೇಶ್ ಪ್ರಕಾರ, "ಊರಿಗೆಲ್ಲ ಗೊತ್ತಿದ್ರ ನಿಮ್ಮ ಮನಿ ಮುಂದ ನಿಮ್ಮ ಹೆಸರಿನ ಬೋರ್ಡ್ ಯಾಕ ಹಾಕೀರಿ ಯಜಮಾನ್ರ?" ಎಂದು ಅವರು ಕೇಳಿದರು. "ಇಂವ ಸುಳ್ಳ ಹೇಳ್ತಾನ್ರಿ" ಎನ್ನುತ್ತಾರೆ ಗಿಡ್ಡಮ್ಮ. "ಬೋರ್ಡು ಊರವರಿಗಲ್ಲ, ಬಂದವರಿಗೆ ಅಂತ ಅಷ್ಟ ಅಂದೆ." ದೊಡ್ಡಬೀರಪ್ಪನವರಿಗೆ ನೆನಪಿಲ್ಲ.

ರೇಖಾ ಅವರಿಗೆ ಬೇರೆ ಚಿಂತೆಯಿತ್ತು. "ಬರೆಸೋದು ಕಷ್ಟ ಇರಲಿಲ್ಲ. ಅದರ ಮೇಲಿರೋ ಮುಖಗಳನ್ನ ತೆಗೆಯೋದು ಕಷ್ಟ. ಒಂದು ಹರಿದರೆ ಮತ್ತೆ ಒಂದು ವಾರ ಕಚೇರಿ ಮುಂದೆ ಜನ. ಹಳೆ ವಿಡಿಯೊ ನಾನೂ ನೋಡಿದ್ದೆ" ಎಂದು ಅವರು ಈಗ ನೆನೆಯುತ್ತಾರೆ. ಒಂದೂ ತಕರಾರು ಬರದಂತೆ ಗೋಡೆ ಖಾಲಿಯಾದರೆ ಬರೆಸುತ್ತೇನೆ ಎಂದರು. ಆಗದ ಕೆಲಸವನ್ನು ನಯವಾಗಿ ಮುಂದೆ ಹಾಕಿದೆ ಎಂದೇ ತಾವು ತಿಳಿದಿದ್ದಾಗಿ ಒಪ್ಪಿಕೊಳ್ಳುತ್ತಾರೆ.

ಗಿಡ್ಡಮ್ಮ ಅದನ್ನು ಆಗುವ ಕೆಲಸವೆಂದು ತಿಳಿದರು. ಒದ್ದೆ ಗೋಣಿಚೀಲದ ಪದ್ಧತಿ ಶುರುವಾದದ್ದು ಆಗ. ಮೊದಲು ತಮ್ಮ ಮನೆಯ ಹಿಂದಿನ ಗೋಡೆಗೆ ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಅಂಟಿಸಿ, ಬಿಡಿಸಿ, ಕೈ ಪಳಗಿಸಿಕೊಂಡರು. ನಟನಟಿಯರ ಚಿತ್ರಗಳ ಮೂಗು ಬಾಯಿ ಆ ಅಭ್ಯಾಸದಲ್ಲಿ ಬಹಳ ಹಾಳಾದವು. ಆಮೇಲೆ ಪ್ರತಿ ಬೆಳಿಗ್ಗೆ ಗುಡಿಸುವ ಕೆಲಸಕ್ಕೆ ಮುಂಚೆ ತೊಟ್ಟಿಯ ಹತ್ತಿರ ಹೋಗಿ ಒಂದೊಂದು ಪೋಸ್ಟರನ್ನು ಇಡಿಯಾಗಿ ಬಿಡಿಸತೊಡಗಿದರು.

ಬಿಡಿಸಿದ್ದನ್ನು ಏನು ಮಾಡುವುದು? ಕಸಕ್ಕೆ ಹಾಕಿದರೆ ಅದೂ ವಿಡಿಯೊ ಆಗುತ್ತದೆ. ಸುಟ್ಟರೆ ಇನ್ನೂ ದೊಡ್ಡ ಜಗಳ. ಗಿಡ್ಡಮ್ಮ ಪ್ರತಿ ಮುಖವನ್ನೂ ಅದರ ಮನೆಗೆ ಮುಟ್ಟಿಸಿದರು.

ಬೋರ್‌ವೆಲ್ ಮಾಲೀಕರು ನಕ್ಕು ಚಹಾ ಕುಡಿಸಿದರು. ಮೂಲವ್ಯಾಧಿಯ ವೈದ್ಯರ ವಿಳಾಸ ಸಿಗಲಿಲ್ಲ. ಪೋಸ್ಟರಿನ ನಂಬರಿಗೆ ಕರೆ ಮಾಡಿದರೆ ದಾವಣಗೆರೆಯಲ್ಲಿ ಯಾರೋ ಕಾಯಿಲೆ ಎಷ್ಟು ವರ್ಷದ್ದು ಎಂದು ಕೇಳಿದರು. ದೊಡ್ಡಬೀರಪ್ಪನವರ ಮನೆಯಲ್ಲಿ ಬಾಗಿಲು ತೆಗೆದದ್ದು ಅವರ ಮುದಿ ತಾಯಿ. ಹಾಳೆ ಬಿಚ್ಚಿ ನೋಡಿ, "ಇಂವ ಯಾರವ್ವಾ? ನಮ್ಮ ಬೀರನಾ? ಇಷ್ಟು ಕೆಂಪಗ ಯಾವಾಗ ಆದ?" ಎಂದರಂತೆ. ಒಳಗಿನಿಂದ ಸದಸ್ಯರ ದನಿ ಬಂತು: "ಮಡಚಿ ಒಳಗ ಇಡಬೇ ಅದನ್ನ." ತಕರಾರು ಬರಲಿಲ್ಲ.

ಕೊನೆಗೆ ಉಳಿದದ್ದು ಭೀಮರಾಜರ ತಮ್ಮನ ಮುಖ. ಎಲ್ಲಕ್ಕಿಂತ ಅಡಿಯಲ್ಲಿತ್ತು, ಎಲ್ಲಕ್ಕಿಂತ ಗಟ್ಟಿಯಾಗಿ ಅಂಟಿತ್ತು. ಮೂರು ಬೆಳಗು ಚೀಲ ಹೊದಿಸಿ, ಸಾಲದೆನಿಸಿ, ನಾಲ್ಕನೆಯ ಬೆಳಿಗ್ಗೆ ಬಿಸಿನೀರು ತಂದರು. ಮುಖದ ಹತ್ತಿರ ಬಂದಾಗ ಕುರ್ಚಿಗಿ ಕೆಳಗಿಟ್ಟರು. "ಇನ್ನೊಮ್ಮಿ ಹರದ್ರ ಊರು ಬಿಡಬೇಕು ಅಂತ ಗೊತ್ತಿತ್ತು. ಅಪ್ಪಾ, ಬಿಟ್ಟು ಬಾರಪ್ಪ, ಬಿಟ್ಟು ಬಾ ಅಂತ ಅವನ ಜೋಡಿ ಮಾತಾಡ್ಕೊಂತ ಬಿಡಿಸಿದೆ." ಹಣೆಯ ಬಳಿ ಒಂದು ಸುಕ್ಕು ಬಿಟ್ಟರೆ ಹಾಳೆ ಇಡಿಯಾಗಿ ಬಂತು.

ಅಂಗಡಿಯ ಶಟರ್ ಎತ್ತುತ್ತಿದ್ದ ಭೀಮರಾಜ ಅವರನ್ನು ನೋಡಿದ್ದೇ, "ಮತ್ತ ಕಿತ್ತೇನಬೇ?" ಎಂದರು. ಗಿಡ್ಡಮ್ಮ ಹಾಳೆ ಬಿಚ್ಚಿ ಸಿಮೆಂಟ್ ಚೀಲಗಳ ಮೇಲೆ ಹಾಸಿದರು. ಭೀಮರಾಜ ಬೆರಳಿನಿಂದ ಹಣೆಯ ಸುಕ್ಕನ್ನು ಸರಿಮಾಡಿದರು. ಆಮೇಲೆ, "ಹರದಿಲ್ಲ. ಖರೆ. ಆದ್ರ ಯಾಕ ಕಿತ್ತಿ?" ಎಂದು ಕೇಳಿದರು.

"ಬಾರಪ್ಪ, ತೋರಿಸ್ತೀನಿ" ಎಂದರು ಗಿಡ್ಡಮ್ಮ.

ತೊಟ್ಟಿಯ ಮೇಲೆ ಅಂಟಿನ ಕಲೆಗಳ ನಡುವೆ ಮಸುಕಾದ ಕೆಂಪು ಅಕ್ಷರಗಳಿದ್ದವು. ಭೀಮರಾಜ ಅಲ್ಲಿ ಬರಹವಿದ್ದದ್ದನ್ನೇ ಗಮನಿಸಿರಲಿಲ್ಲ. ಸಂತೆಯ ದಿನ ಆ ಹುಡುಗ ಗೆಳೆಯರೊಂದಿಗೆ ಕೂರುತ್ತಿದ್ದ ಜಾಗ ಅದು, ಅದಕ್ಕೆ ಅಲ್ಲೇ ಅಂಟಿಸಿದ್ದೆ ಎನ್ನುತ್ತಾರೆ. ಕೂಲಿಯ ಹೆಂಗಸಿನ ಸಂಗತಿಯನ್ನು ಗಿಡ್ಡಮ್ಮ ಹೇಳಿದ್ದು ಅಲ್ಲಿಯೇ. "ನಮ್ಮ ಹುಡುಗ ಯಾರಿಗೂ ಕೆಟ್ಟದ್ದು ಮಾಡಿದಾವಲ್ಲ. ಅವನ ಮಾರಿ ಒಯ್ದು ಇಂಥಾದ್ದಕ್ಕ ಅಡ್ಡ ಇಟ್ಟಾವ ನಾನು" ಎಂದು ಭೀಮರಾಜ ಹೇಳುವಾಗ ಅಂಗಡಿಯ ಗೋಡೆಯತ್ತ ನೋಡುತ್ತಾರೆ. ಆ ಹಾಳೆಗೆ ಈಗ ಗಾಜು ಹಾಕಿಸಿ ಅಲ್ಲಿ ತೂಗುಹಾಕಿದ್ದಾರೆ.

ಮುಂದಿನ ಸಾಮಾನ್ಯ ಸಭೆಗೆ ಭೀಮರಾಜ ತಾವಾಗಿಯೇ ಹೋದರು. ಎರಡು ವರ್ಷದ ಹಿಂದೆ ಜಗಳ ಮಾಡಿದವರೇ ಬಂದು, ತಮ್ಮಿಂದ ತಕರಾರಿಲ್ಲ, ಮುಖ ಮುಟ್ಟಬಾರದೆಂಬ ಆದೇಶ ತೆಗೆಯಿರಿ ಎಂದಾಗ ಸಭೆಗೆ ಬೇರೆ ನೆಪ ಉಳಿಯಲಿಲ್ಲ. ಆ ಆದೇಶ ರದ್ದಾಯಿತು; ನೀರಿನ ತಾಣಗಳ ಮೇಲೆ ಪೋಸ್ಟರ್ ಅಂಟಿಸಬಾರದು, ಅಂಟಿಸಿದರೆ ಕಿತ್ತು ಮಾಲೀಕರಿಗೆ ಮರಳಿಸಬೇಕು ಎಂದು ತೀರ್ಮಾನವಾಯಿತು. ಸೂಚಿಸಿದವರು ದೊಡ್ಡಬೀರಪ್ಪ. ಅವರ ತಾಯಿ ಅಂದಿನಿಂದ ಅವರನ್ನು ಕೆಂಪಪ್ಪ ಎಂದು ಕರೆಯುತ್ತಾರೆ ಎನ್ನುವುದು ಬೀರಲಿಂಗೇಶ್ ಕೊಡುವ ಮಾಹಿತಿ, ಖಚಿತಪಡಿಸಿಕೊಳ್ಳಲು ಆಗಲಿಲ್ಲ.

ಬರೆಯುವ ಕೆಲಸ ದಸ್ತಗಿರಿ ಅವರಿಗೆ ಬಂತು. ಫ್ಲೆಕ್ಸ್ ಬಂದ ಮೇಲೆ ಆಟೊಗಳ ಬೆನ್ನು, ವಾಹನಗಳ ನಂಬರ್ ಫಲಕ ಬರೆದುಕೊಂಡಿರುವ ಹಳೆಯ ಪೇಂಟರ್ ಅವರು. ಸುತ್ತ ದೇವರ ಚಿತ್ರ ಬರೆಸಿದರೆ ಮತ್ತೆ ಯಾರೂ ಅಂಟಿಸುವುದಿಲ್ಲ ಎಂಬ ಸಲಹೆ ಸಭೆಯಲ್ಲಿ ಬಂದಿತ್ತು. "ದೇವ್ರನ್ನ ಕಾವಲಿಗೆ ನಿಲ್ಲಿಸಿದ್ರ ದೇವ್ರ ಮಾರಿ ಮ್ಯಾಲ ಯಾರರ ಉಗುಳ್ತಾರ. ಆಗ ಅದನ್ನ ತೊಳಿಯಾಕ ಪೊರಕಿ ಹಿಡಕೊಂಡು ನಾ ಹೋಗಬೇಕು" ಎಂದು ಗಿಡ್ಡಮ್ಮ ಬೇಡವೆಂದರು. "ನನಗೂ ಅದ ಬೇಕಿತ್ತವ್ವಾ. ಯಾರ ದೇವ್ರನ್ನ ಮೊದ್ಲು ಬರೀಲಿ ಅಂತ ರಾತ್ರಿ ನಿದ್ದಿ ಬಂದಿರಲಿಲ್ಲ" ಎಂದರು ದಸ್ತಗಿರಿ.

ಬರಹದ ವಿಷಯದಲ್ಲಿ ಗಿಡ್ಡಮ್ಮ ಕೇಳಿದ್ದು ಒಂದೇ. ಬರೀ ಬೇಡ ಎಂದು ಬರೆಯಬಾರದು, ಎಲ್ಲಿ ಸಿಗುತ್ತದೆ ಎಂಬುದು ಮೊದಲು ಬರಬೇಕು. ಆದ್ದರಿಂದ ಈಗ ತೊಟ್ಟಿಯ ಮೇಲೆ ಮೊದಲ ಸಾಲು 'ಕುಡಿಯುವ ನೀರು ಈ ಕಡೆ', ಜೊತೆಗೆ ನೀಲಿ ಬಾಣ, ಬಾಣದ ಮುಂದೆ ತುಂಬಿದ ಲೋಟದ ಚಿತ್ರ. ಅದರ ಕೆಳಗೆ ಕೆಂಪಿನಲ್ಲಿ 'ಈ ನೀರು ಬಳಕೆಗೆ ಮಾತ್ರ, ಫ್ಲೋರೈಡ್ ಇದೆ'. ಅದೇ 'ಕುಡಿಯುವ ನೀರು ಈ ಕಡೆ' ತೆಲುಗಿನಲ್ಲೂ ಇದೆ.

ಬರೆದು ಎರಡು ವಾರಕ್ಕೆ ಯಾರೋ ಬಾಣದ ಮೇಲೆ ಕಪ್ಪು ಸ್ಪ್ರೇಯಲ್ಲಿ ಹೃದಯ ಬಿಡಿಸಿ ಎರಡು ಅಕ್ಷರ ಬರೆದಿದ್ದರು. ಗಿಡ್ಡಮ್ಮ ಕಚೇರಿಗೆ ಹೇಳಿದರು. ಈ ಸಲ ಬಣ್ಣ ಬಂತು, ಆದರೆ ಒಂಬತ್ತು ದಿನ ತಡವಾಗಿ. ಅಷ್ಟರಲ್ಲಿ ದಸ್ತಗಿರಿ ತಮ್ಮಲ್ಲಿ ಉಳಿದಿದ್ದ ನೀಲಿಯಲ್ಲೇ ತಿದ್ದಿದ್ದರು. ಊರಿನ ಉಳಿದ ಫಲಕಗಳ ಸ್ಥಿತಿ ಹೆಚ್ಚು ಬದಲಾಗಿಲ್ಲ. ಆಸ್ಪತ್ರೆಯ ಬಾಣ ಇನ್ನೂ ಮುಚ್ಚಿದೆ. ಶಾಲೆಯ ಬಳಿಯ 'ನಿಧಾನವಾಗಿ ಚಲಿಸಿ' ಫಲಕದಲ್ಲಿ ಉಳಿದಿರುವುದು 'ಚಲಿಸಿ' ಮಾತ್ರ. "ಒಂದೊಂದಾಗಿ ಮಾಡ್ತೀವಿ" ಎನ್ನುತ್ತಾರೆ ರೇಖಾ. ಗಡುವು ಕೇಳಿದರೆ ಹೇಳುವುದಿಲ್ಲ. ಗೋಡೆಯ ಕೆಲಸವನ್ನು ಗಿಡ್ಡಮ್ಮನವರ ಕರ್ತವ್ಯದಲ್ಲಿ ಸೇರಿಸಿದ್ದಾರೆ. ಅದಕ್ಕಾಗಿ ಒಂದು ಏಣಿ ಕೊಡುವ ಮಾತಿದೆ, ಏಣಿ ಬಂದಿಲ್ಲ.

ಈಗ ಮತ್ತೆ ಈರುಳ್ಳಿ ಕೊಯ್ಲು. ಸಂತೆ ಮೈದಾನದಲ್ಲಿ ನೀಲಿ ತಾಡಪಾಲುಗಳು ಎದ್ದಿವೆ. ಬೆಳಿಗ್ಗೆ ಏಳರ ಹೊತ್ತಿಗೆ ಗಿಡ್ಡಮ್ಮ ತೊಟ್ಟಿಯ ಸುತ್ತ ಗುಡಿಸುತ್ತಿದ್ದಾರೆ. ಲಾರಿಯಿಂದ ಇಳಿದ ಕ್ಲೀನರ್ ಒಬ್ಬ ಖಾಲಿ ಬಾಟಲಿ ಹಿಡಿದು ನಲ್ಲಿಯ ಕಡೆ ಬರುತ್ತಾನೆ. ಬೇರೆ ಊರಿನವನು ಎಂದು ನೋಡಿದರೇ ತಿಳಿಯುತ್ತದೆ. ಪೊರಕೆ ನಿಲ್ಲುತ್ತದೆ. ಗಿಡ್ಡಮ್ಮ ಏನೂ ಹೇಳುವುದಿಲ್ಲ, ತಲೆಯನ್ನೂ ಎತ್ತುವುದಿಲ್ಲ. ಅವನು ಮುಖಕ್ಕೆ ನೀರು ಎರಚಿಕೊಂಡು, ಬಾಟಲಿಯನ್ನು ನಲ್ಲಿಗೆ ಹಿಡಿಯುವ ಮೊದಲು ಮೇಲೆ ನೋಡುತ್ತಾನೆ. ಬಾಟಲಿ ಅಲ್ಲಾಡಿಸುತ್ತ ಬಾಣ ತೋರಿಸಿದ ಕಡೆ ಹೊರಟುಹೋಗುತ್ತಾನೆ. ಅಲ್ಲಿ ಗುಡಿಸುತ್ತಿದ್ದವರನ್ನು ಅವನು ಗಮನಿಸಿದಂತಿಲ್ಲ.

ಇನ್ನೇನು ಆಗಬೇಕು ಎಂದು ಕೇಳಿದರೆ ಗಿಡ್ಡಮ್ಮ ಏಣಿಯ ಮಾತು ತೆಗೆಯುವುದಿಲ್ಲ. ಕಸವನ್ನು ಒಂದು ಕಡೆ ಗುಡ್ಡೆ ಮಾಡಿ, ಸೊಂಟ ನೆಟ್ಟಗೆ ಮಾಡಿಕೊಂಡು ಹೇಳುತ್ತಾರೆ:

"ಈ ಸಲ ಕೊಯ್ಲು ಶುರುವಾಗಿ ಇಷ್ಟು ದಿನ ಆತು. ನೀರಿನ ಮುಂದ ನಿಂತು ಒಬ್ಬರಿಗೂ ಬ್ಯಾಡ ಅಂದಿಲ್ರಿ ನಾನು."